ಗಣಿತ, ಫೈನಾನ್ಸ್, ಕಪ್ಪು ಜನಾಂಗದ ಮಕ್ಕಳ ಓದು: ಮೂರೂ ಒಂದೇ ಸಂಶೋಧನೆಯಲ್ಲಿ ಸೇರುತ್ತವಾ?

ನಿಮ್ಮ ಪ್ರಶ್ನೆ ಇದು. ತಂಗಿ ಮೈಸೂರಿನಲ್ಲಿ ಎಂಎಸ್ಸಿ ಗಣಿತ ಮುಗಿಸಿದ್ದಾಳೆ. ಅಮೆರಿಕದ ಒಂದು ಯೂನಿವರ್ಸಿಟಿಯಲ್ಲಿ ಪಿಎಚ್‌ಡಿ ಸೀಟು ಸಿಕ್ಕಿದೆ. ಗೈಡ್ ಆಗಲಿರುವ ಪ್ರೊಫೆಸರ್ ಕೆಲಸ ಮಾಡುವುದು ಪ್ರಾಬಬಿಲಿಟಿ, ಫೈನಾನ್ಸ್, ಕಪ್ಪು ಜನಾಂಗದ ವಿದ್ಯಾರ್ಥಿಗಳ ಶಿಕ್ಷಣ ಈ ಮೂರರಲ್ಲಿ. "ಇದು ಕಲಸುಮೇಲೋಗರ ಅಲ್ವಾ? ಇದರಲ್ಲಿ ನಿಜವಾದ ಗಣಿತ ಎಷ್ಟಿರುತ್ತದೆ?" ಎಂದು ಕೇಳಿದ್ದೀರಿ.

ತುಂಬಾ ಇರುತ್ತದೆ. ನನ್ನ ದಿನದ ಕೆಲಸವೂ ಇದರ ಹತ್ತಿರದ್ದೇ ಆದ್ದರಿಂದ ಸ್ವಲ್ಪ ಬಿಡಿಸಿ ಹೇಳುತ್ತೇನೆ.

ನಾನು ಹಗರಿಬೊಮ್ಮನಹಳ್ಳಿಯವಳು. ಧಾರವಾಡದಲ್ಲಿ ಸ್ಟ್ಯಾಟಿಸ್ಟಿಕ್ಸ್ ಓದಿದೆ. 14 ವರ್ಷದಿಂದ ಅಮೆರಿಕದ ದಕ್ಷಿಣ ಭಾಗದ ಒಂದು ಬ್ಲ್ಯಾಕ್ ಕಾಲೇಜಿನಲ್ಲಿ ಪಾಠ ಮಾಡುತ್ತಿದ್ದೇನೆ. ಇಂಥ ಕಾಲೇಜುಗಳನ್ನು ಇಲ್ಲಿ ಎಚ್‌ಬಿಸಿಯು ಎನ್ನುತ್ತಾರೆ. 1964ಕ್ಕೆ ಮುಂಚೆ, ಬಿಳಿಯರ ಕಾಲೇಜುಗಳು ಬಾಗಿಲು ಮುಚ್ಚಿಕೊಂಡಿದ್ದ ಕಾಲದಲ್ಲಿ, ಕಪ್ಪು ಜನಾಂಗದವರ ಓದಿಗಾಗಿಯೇ ಹುಟ್ಟಿದ ಕಾಲೇಜುಗಳು ಇವು. ಈಗಲೂ ಸುಮಾರು 100 ಇವೆ.

ಮೂರು ವಿಷಯಗಳನ್ನು ಸೇರಿಸುವ ಗಣಿತ ಯಾವುದು ಅಂತ ಹೇಳಲು ನಮ್ಮೂರ ಶೇಂಗಾ ಸಾಕು. ಎಪಿಎಂಸಿ ಯಾರ್ಡಿನಲ್ಲಿ ಒಬ್ಬ ರೈತ 10 ಚೀಲ ಶೇಂಗಾ ಇಳಿಸಿದ ಅಂದುಕೊಳ್ಳಿ. ಅವನ ಹೊಲದ ಚೀಲ ಸಾಮಾನ್ಯವಾಗಿ ಎಷ್ಟು ತೂಗುತ್ತದೆ ಎಂದು ಅಂದಾಜು ಮಾಡಬೇಕು. ಮೊದಲ ಚೀಲವೊಂದನ್ನೇ ತೂಗಿ "ಇಷ್ಟು" ಎಂದುಬಿಡಬಹುದು. ಅದು ಪೂರ್ತಿ ತಪ್ಪಲ್ಲ, ಆದರೆ ಆ ಚೀಲ ಹೇಗಿತ್ತೋ ಅಂದಾಜೂ ಹಾಗೆ. ಈಗ ಹತ್ತೂ ಚೀಲದ ಒಟ್ಟು ತೂಕ ನಮಗೆ ಗೊತ್ತಿದೆ ಅನ್ನಿ. ಒಟ್ಟು ಇಷ್ಟಿದ್ದಾಗ ಮೊದಲ ಚೀಲ ಸರಾಸರಿ ಎಷ್ಟು ತೂಗಬೇಕು? ಒಟ್ಟಿನ ಹತ್ತನೇ ಒಂದು ಭಾಗ. ಒಂದೇ ಚೀಲದ ಮೇಲೆ ನಿಂತಿದ್ದ ಅಂದಾಜು ಈಗ ಹತ್ತು ಚೀಲದ ಮೇಲೆ ನಿಂತಿತು. ಗೊತ್ತಿರುವ ಮಾಹಿತಿಯನ್ನೆಲ್ಲ ಹೀಗೆ ಹಿಡಿದುಕೊಂಡು ಮತ್ತೆ ಲೆಕ್ಕ ಹಾಕಿದರೆ ಅಂದಾಜು ಎಂದೂ ಕೆಡುವುದಿಲ್ಲ, ಸಾಮಾನ್ಯವಾಗಿ ಸುಧಾರಿಸುತ್ತದೆ. ಇದೇ ರಾವ್–ಬ್ಲ್ಯಾಕ್‌ವೆಲ್ ಪ್ರಮೇಯದ ತಿರುಳು. ನಿಮ್ಮ ತಂಗಿಗೆ ಇದರ ಹೆಸರು ಗೊತ್ತಿರುತ್ತದೆ.

ಆ ಹೆಸರಿನ ಇಬ್ಬರ ಬಗ್ಗೆ ಹೇಳಲೇಬೇಕು. ರಾವ್ ಅಂದರೆ ಸಿ.ಆರ್. ರಾವ್. 1920ರಲ್ಲಿ ನಮ್ಮ ಪಕ್ಕದ ಹೂವಿನಹಡಗಲಿಯಲ್ಲಿ ಹುಟ್ಟಿದ ತೆಲುಗು ಮನೆತನದ ಹುಡುಗ. ಓದಿದ್ದು ಆಂಧ್ರದಲ್ಲಿ, ಆಮೇಲೆ ಕಲ್ಕತ್ತದಲ್ಲಿ. ಈ ಫಲಿತಾಂಶವನ್ನು ಅಲ್ಲಿಂದಲೇ 1945ರಲ್ಲಿ ಪ್ರಕಟಿಸಿದರು. ಬ್ಲ್ಯಾಕ್‌ವೆಲ್ ಅಂದರೆ ಡೇವಿಡ್ ಬ್ಲ್ಯಾಕ್‌ವೆಲ್, ಇಲಿನಾಯ್ ರಾಜ್ಯದ ಸೆಂಟ್ರೇಲಿಯಾ ಎಂಬ ಊರಿನಲ್ಲಿ 1919ರಲ್ಲಿ ಹುಟ್ಟಿದ ಕಪ್ಪು ಜನಾಂಗದ ಗಣಿತಜ್ಞ. 22ನೇ ವಯಸ್ಸಿಗೆ ಪಿಎಚ್‌ಡಿ ಮುಗಿಸಿದರು. ಕೆಲಸಕ್ಕಾಗಿ ನೂರಕ್ಕೂ ಹೆಚ್ಚು ಕಾಲೇಜುಗಳಿಗೆ ಪತ್ರ ಬರೆದರು. ಎಲ್ಲವೂ ಬ್ಲ್ಯಾಕ್ ಕಾಲೇಜುಗಳೇ, ಏಕೆಂದರೆ ಬೇರೆಯವರು ತಮ್ಮನ್ನು ತೆಗೆದುಕೊಳ್ಳುತ್ತಾರೆ ಎಂಬ ಯೋಚನೆಯೇ ಅವರಿಗೆ ಬರಲಿಲ್ಲ. 1942ರಲ್ಲಿ ಕ್ಯಾಲಿಫೋರ್ನಿಯಾದ ಬರ್ಕ್ಲಿ ಯೂನಿವರ್ಸಿಟಿಯಲ್ಲಿ ಜೆರ್ಝಿ ನೇಮನ್ ಎಂಬ ದೊಡ್ಡ ಸ್ಟ್ಯಾಟಿಸ್ಟಿಷಿಯನ್ ಅವರನ್ನು ತೆಗೆದುಕೊಳ್ಳಬೇಕೆಂದರು, ಆಗಲಿಲ್ಲ. ವಿಭಾಗದವರನ್ನು ಊಟಕ್ಕೆ ಕರೆಯುವ ಪದ್ಧತಿಯಿದ್ದ ವಿಭಾಗದ ಮುಖ್ಯಸ್ಥರ ಹೆಂಡತಿ ಕಪ್ಪು ಮನುಷ್ಯನನ್ನು ಮನೆಯೊಳಗೆ ಬಿಟ್ಟುಕೊಳ್ಳಲು ಒಪ್ಪಲಿಲ್ಲ ಎಂಬುದು ವರ್ಷಗಳ ನಂತರ ಹೊರಬಂತು. ಪ್ರಮೇಯದ ತಮ್ಮ ಪಾಲನ್ನು ಬ್ಲ್ಯಾಕ್‌ವೆಲ್ ಪ್ರಕಟಿಸಿದ್ದು 1947ರಲ್ಲಿ, ವಾಷಿಂಗ್ಟನ್‌ನ ಹೋವರ್ಡ್ ಎಂಬ ಬ್ಲ್ಯಾಕ್ ಯೂನಿವರ್ಸಿಟಿಯಲ್ಲಿದ್ದಾಗ. 1954ರಲ್ಲಿ ಅದೇ ಬರ್ಕ್ಲಿಗೆ ಹೋದರು. 1965ರಲ್ಲಿ ಅಮೆರಿಕದ ನ್ಯಾಷನಲ್ ಅಕಾಡೆಮಿ ಆಫ್ ಸೈನ್ಸಸ್‌ಗೆ ಆಯ್ಕೆಯಾದ ಮೊದಲ ಕಪ್ಪು ಜನಾಂಗದವರಾದರು. ಕಾಲಕಾಲಕ್ಕೆ ಬರುವ ಹಣದ ಇವತ್ತಿನ ಬೆಲೆ ಕಟ್ಟಿಕೊಂಡು ಹಂತಹಂತವಾಗಿ ತೀರ್ಮಾನ ಮಾಡುವ ಗಣಿತವೂ ಅವರ ಕೆಲಸವೇ. ಫೈನಾನ್ಸ್ ಮತ್ತು ಎಕನಾಮಿಕ್ಸ್ ಓದುವವರು ಅದನ್ನು ಇವತ್ತಿಗೂ ಕಲಿಯುತ್ತಾರೆ.

ಹೋವರ್ಡಿನ ಆ 1947ರ ಲೇಖನವನ್ನು ನಾನು ಪ್ರತಿ ವರ್ಷ ಕ್ಲಾಸಿನಲ್ಲಿ ಹಂಚುತ್ತೇನೆ. ಹೆಸರಿನ ಕೆಳಗೆ ಹೋವರ್ಡ್ ಯೂನಿವರ್ಸಿಟಿ ಅಂತ ಇರುವುದನ್ನು ನೋಡಿ ಮಕ್ಕಳು ಒಬ್ಬರಿಗೊಬ್ಬರು ತೋರಿಸಿಕೊಳ್ಳುತ್ತಾರೆ. ಅದನ್ನು ನೋಡುವುದೇ ನನಗೆ ಒಂದು ಖುಷಿ.

ಈಗ ಶಿಕ್ಷಣದ ವಿಷಯಕ್ಕೆ ಬರೋಣ. ಇದೂ ಬರ್ಕ್ಲಿಯಲ್ಲೇ ನಡೆದದ್ದು. 1970ರ ದಶಕದಲ್ಲಿ ಅಲ್ಲಿ ಮೊದಲ ಕ್ಯಾಲ್ಕುಲಸ್ ಕೋರ್ಸ್ ಮುಗಿಸಿದ ಕಪ್ಪು ವಿದ್ಯಾರ್ಥಿಗಳಲ್ಲಿ ನೂರಕ್ಕೆ 60 ಜನಕ್ಕೆ ಡಿ ಅಥವಾ ಎಫ್ ಗ್ರೇಡ್ ಬರುತ್ತಿತ್ತು. ಯಾಕೆ ಅಂತ ಕೇಳಿದರೆ ಮೇಷ್ಟ್ರುಗಳ ಹತ್ತಿರ ಉತ್ತರ ಸಿದ್ಧವಿತ್ತು. ಆಸಕ್ತಿ ಕಡಿಮೆ, ಹೈಸ್ಕೂಲಿನಲ್ಲಿ ಸರಿಯಾಗಿ ಕಲಿತಿಲ್ಲ, ಮನೆಯಲ್ಲಿ ಓದಿನ ವಾತಾವರಣ ಇಲ್ಲ, ಬಡತನ. ಯೂರಿ ಟ್ರೀಸ್‌ಮನ್ ಎಂಬ ಸಂಶೋಧನಾ ವಿದ್ಯಾರ್ಥಿ ಈ ಉತ್ತರಗಳನ್ನು ನಂಬಿ ಸುಮ್ನೆ ಕೂರಲಿಲ್ಲ. 20 ಕಪ್ಪು ವಿದ್ಯಾರ್ಥಿಗಳು, ಚೆನ್ನಾಗಿ ಓದುತ್ತಿದ್ದ 20 ಚೀನೀ ಮೂಲದ ವಿದ್ಯಾರ್ಥಿಗಳು, ಇಷ್ಟು ಜನರ ಹಿಂದೆ 18 ತಿಂಗಳು ತಿರುಗಿದರು. ಲೈಬ್ರರಿಗೆ ಹೋದರು, ಹಾಸ್ಟೆಲ್ ರೂಮಿಗೂ ಹೋದರು.

ಮೇಷ್ಟ್ರುಗಳ ಊಹೆ ಒಂದೂ ನಿಲ್ಲಲಿಲ್ಲ. ಆ ಮಕ್ಕಳು ತಮ್ಮ ಶಾಲೆಗಳಲ್ಲಿ ಮುಂದಿದ್ದವರು. ಮಕ್ಕಳು ಕಾಲೇಜು ಓದಬೇಕೆಂದು ತಂದೆತಾಯಿ ಆಸೆಪಟ್ಟು ಬೆಳೆಸಿದ್ದರು. ಪ್ರವೇಶ ಪರೀಕ್ಷೆಯಲ್ಲಿ ಜಾಸ್ತಿ ಅಂಕ ತೆಗೆದಿದ್ದವರೇ ಎಷ್ಟೋ ಸಲ ಮೊದಲು ಎಡವುತ್ತಿದ್ದರು. ವ್ಯತ್ಯಾಸ ಇದ್ದದ್ದು ಬೇರೆ ಕಡೆ. 20 ಕಪ್ಪು ವಿದ್ಯಾರ್ಥಿಗಳಲ್ಲಿ 18 ಮಂದಿ ಒಬ್ಬರೇ ಕೂತು ಓದುತ್ತಿದ್ದರು. ಕ್ಲಾಸಿನ ಒಂದು ಗಂಟೆಗೆ ಮನೆಯಲ್ಲಿ ಎರಡು ಗಂಟೆ ಓದಿ ಎಂದು ಹೇಳಿದ್ದರಲ್ಲ, ಅಕ್ಷರಶಃ ಹಾಗೇ ವಾರಕ್ಕೆ 8 ಗಂಟೆ ಓದುತ್ತಿದ್ದರು. ಚೀನೀ ಮೂಲದವರು ಅಷ್ಟೇ ಹೊತ್ತು ಒಬ್ಬರೇ ಓದಿ, ಅದರ ಮೇಲೆ ಗುಂಪಾಗಿ ಕೂತು ಊಟ ಮಾಡುತ್ತಾ ಲೆಕ್ಕ ಹೋಲಿಸಿಕೊಳ್ಳುತ್ತಿದ್ದರು. ಎಲ್ಲರಿಗೂ ತಪ್ಪಾದ ಲೆಕ್ಕ ಕಷ್ಟದ್ದು ಅಂತ ಅವರಿಗೆ ಗೊತ್ತಾಗುತ್ತಿತ್ತು. ಒಬ್ಬನೇ ಕೂತವನಿಗೆ ಲೆಕ್ಕ ಬರದಿದ್ದರೆ, ತಾನೇ ದಡ್ಡ ಅನ್ನಿಸುತ್ತಿತ್ತು.

ನಾವು ಧಾರವಾಡದ ಹಾಸ್ಟೆಲಿನಲ್ಲಿ ಇದಕ್ಕೆ ಕಂಬೈನ್ಡ್ ಸ್ಟಡಿ ಅನ್ನುತ್ತಿದ್ದೆವು. ಅದಿಲ್ಲದಿದ್ದರೆ ನಾನು ಮೊದಲ ಸೆಮಿಸ್ಟರ್ ದಾಟುತ್ತಿರಲಿಲ್ಲ.

ಟ್ರೀಸ್‌ಮನ್ 1978ರಿಂದ ಅಲ್ಲಿ ವರ್ಕ್‌ಶಾಪ್ ನಡೆಸಿದರು. ಹಿಂದುಳಿದವರಿಗೆ ಟ್ಯೂಷನ್ ಅಂತ ಕರೆಯಲಿಲ್ಲ. ನೀವು ಚೆನ್ನಾಗಿ ಓದುವವರು, ಇನ್ನೂ ಕಷ್ಟದ ಲೆಕ್ಕ ಕೊಡುತ್ತೇವೆ, ಒಟ್ಟಿಗೆ ಕೂತು ಬಿಡಿಸಿ ಎಂದರು. ಫೇಲಾಗುವವರ ಸಂಖ್ಯೆ ಇಳಿದುಹೋಯಿತು. ಆಮೇಲೆ ಬೇರೆ ಯೂನಿವರ್ಸಿಟಿಗಳೂ ಈ ಕ್ರಮ ಹಿಡಿದವು. ಇಲ್ಲಿ ಶೇಂಗಾ ಚೀಲ ಎಲ್ಲಿದೆ ಗೊತ್ತಾಯಿತಲ್ವಾ? ಮೇಷ್ಟ್ರುಗಳು ಗ್ರೇಡ್ ಪಟ್ಟಿ ಎಂಬ ಒಂದೇ ಚೀಲ ತೂಗಿ ಇಡೀ ಹೊಲದ ಬಗ್ಗೆ ಮಾತಾಡಿದ್ದರು. ಟ್ರೀಸ್‌ಮನ್ ಉಳಿದ ಚೀಲಗಳನ್ನೂ ಎಳೆದು ತಂದರು.

ಫೈನಾನ್ಸ್ ಇದರೊಳಗೆ ಹೇಗೆ ಬರುತ್ತದೆ ಎನ್ನುವುದು ನಿಮ್ಮ ಮುಖ್ಯ ಅನುಮಾನ ಅನ್ನಿಸುತ್ತದೆ. ನನಗೆ ತುಂಬಾ ಇಷ್ಟವಾದ ಒಂದು ಸಂಶೋಧನೆ ಹೇಳುತ್ತೇನೆ. ಕಾಲೇಜು ಹೊಸ ಹಾಸ್ಟೆಲ್ ಕಟ್ಟಬೇಕಾದರೆ ಇಲ್ಲಿ ಬಾಂಡ್ ಮಾರಿ ಸಾಲ ಎತ್ತುತ್ತದೆ. ಬಾಂಡನ್ನು ಕೊಳ್ಳುವವರಿಗೆ ಮುಟ್ಟಿಸುವ ಮಧ್ಯವರ್ತಿ ಕಂಪನಿಗೆ ಅಂಡರ್‌ರೈಟರ್ ಎಂದು ಹೆಸರು. ಅದು ಕಮಿಷನ್ ಹಿಡಿಯುತ್ತದೆ. ಕೇಸಿ ಡೂಗಲ್ ಮತ್ತು ಮೂವರು ಜೊತೆಗಾರರು 1988ರಿಂದ 2010ರವರೆಗಿನ ನಾಲ್ಕು ಸಾವಿರಕ್ಕೂ ಹೆಚ್ಚು ಕಾಲೇಜು ಬಾಂಡ್‌ಗಳನ್ನು ನೋಡಿ 2019ರಲ್ಲಿ ಲೇಖನ ಪ್ರಕಟಿಸಿದರು. ಬ್ಲ್ಯಾಕ್ ಕಾಲೇಜುಗಳು ತಮ್ಮಂಥದೇ ಬೇರೆ ಕಾಲೇಜುಗಳಿಗಿಂತ ಹೆಚ್ಚು ಕಮಿಷನ್ ಕಟ್ಟುತ್ತಿದ್ದವು.

"ಆ ಕಾಲೇಜುಗಳ ಹತ್ತಿರ ದುಡ್ಡು ಕಮ್ಮಿ, ಅಪಾಯ ಜಾಸ್ತಿ, ಅದಕ್ಕೇ" ಎಂದು ಯಾರಾದರೂ ಹೇಳಬಹುದು. ಗಣಿತದ ಕೆಲಸ ಇಲ್ಲಿಂದ ಶುರು. ರೇಟಿಂಗ್, ಅಂದರೆ ಸಾಲ ಎಷ್ಟು ಭದ್ರ ಎಂದು ಹೇಳುವ ದರ್ಜೆ, ಒಂದೇ ಇರುವ ಬಾಂಡ್‌ಗಳನ್ನು ಮಾತ್ರ ಹೋಲಿಸು. ಎರಡಕ್ಕೂ ಎಲ್ಲಕ್ಕಿಂತ ಮೇಲಿನ ಎಎಎ ರೇಟಿಂಗ್ ಇದ್ದಾಗ ಅಂತರ ಹೋಗುತ್ತದಾ? ಹೋಗಲಿಲ್ಲ. ಒಂದೇ ಕಂಪನಿ ವಿಮೆ ಕೊಟ್ಟಾಗ, ಅಂದರೆ ಕಾಲೇಜು ಕೈಯೆತ್ತಿದರೂ ವಿಮೆಯವರೇ ಕಟ್ಟುತ್ತಾರೆ ಅಂದಾಗ? ಆಗಲೂ ಹೋಗಲಿಲ್ಲ. ವರ್ಣಭೇದ ಇನ್ನೂ ಗಟ್ಟಿಯಾಗಿರುವ ಡೀಪ್ ಸೌತ್ ಎಂಬ ತೀರಾ ದಕ್ಷಿಣದ ರಾಜ್ಯಗಳಲ್ಲಿ ಅಂತರ ಬೇರೆ ಕಡೆಗಿಂತ ಮೂರು ಪಟ್ಟು ಇತ್ತು. ಇದಕ್ಕೆ ತೆರಿಗೆಯ ನಂಟೂ ಇದೆ. ಇಂಥ ಬಾಂಡಿನ ಬಡ್ಡಿಗೆ ರಾಜ್ಯದ ತೆರಿಗೆ ವಿನಾಯಿತಿ ಸಿಗುವುದು ಸಾಮಾನ್ಯವಾಗಿ ಅದೇ ರಾಜ್ಯದವರಿಗೆ, ಆದ್ದರಿಂದ ಕೊಳ್ಳುವವರು ಬಹುಪಾಲು ಅಲ್ಲಿನವರೇ. ಅವರು ಹಿಂಜರಿದರೆ ಅಂಡರ್‌ರೈಟರ್ ಗಿರಾಕಿ ಹುಡುಕಿ ಅಲೆಯಬೇಕು. ಆ ಅಲೆದಾಟದ ಖರ್ಚು ಕಾಲೇಜಿನ ತಲೆಗೆ.

ಲೆಕ್ಕಕ್ಕೆ ಒಂದು ಉದಾಹರಣೆ ತೆಗೆದುಕೊಳ್ಳಿ, ಸಂಖ್ಯೆ ನನ್ನವೇ. 2 ಕೋಟಿ ಡಾಲರ್ ಬಾಂಡ್. ಕಮಿಷನ್ ನೂರಕ್ಕೆ 0.8 ಇದ್ದರೆ 1,60,000 ಡಾಲರ್. 0.95 ಆದರೆ 1,90,000. ನಡುವಿನ 30,000 ಡಾಲರಿನಲ್ಲಿ ನಮ್ಮಂಥ ಕಾಲೇಜು ಎಷ್ಟೋ ಮಕ್ಕಳಿಗೆ ಪುಸ್ತಕ ಕೊಡಿಸಬಹುದು. ಹೆಸರಿನ ಕಾರಣಕ್ಕೆ ಆ ದುಡ್ಡು ಹೋಗುತ್ತದೆ ಅನ್ನುವುದು ನನಗೆ ಪ್ರತಿ ಸಲವೂ ಸಂಕಟ ತರುತ್ತದೆ.

ಮಕ್ಕಳ ಮಟ್ಟದಲ್ಲೂ ಇದೇ ಕಥೆ. ಹೋದ ವರ್ಷ ಒಬ್ಬ ವಿದ್ಯಾರ್ಥಿನಿ ತನ್ನ ಅಕ್ಕನ ಸಾಲದ ಸ್ಟೇಟ್‌ಮೆಂಟ್ ಹಿಡಿದು ನನ್ನ ರೂಮಿಗೆ ಬಂದಳು. ನಾಲ್ಕು ಮಡಿಕೆ ಹಾಕಿದ ಹಾಳೆ, ಮಡಿಕೆಯ ಮೇಲೆ ಅಕ್ಷರ ಸವೆದಿತ್ತು. "ಅಕ್ಕ ಪ್ರತಿ ತಿಂಗಳೂ ಕಟ್ಟುತ್ತಾಳೆ ಪ್ರೊಫೆಸರ್, ಆದರೂ ಸಾಲ ಏರಿದೆ. ಯಾರೋ ತಪ್ಪು ಲೆಕ್ಕ ಮಾಡಿದ್ದಾರೆ" ಎಂದಳು. ಬೋರ್ಡಿನ ಮೇಲೆ ಸುಲಭದ ಸಂಖ್ಯೆ ಹಾಕಿ ಬಿಡಿಸಿದೆವು. 30,000 ಡಾಲರ್ ಅಸಲು, 6 ಪರ್ಸೆಂಟ್ ಬಡ್ಡಿ. ವರ್ಷಕ್ಕೆ ಬಡ್ಡಿ 1,800, ತಿಂಗಳಿಗೆ 150. ಸಂಬಳ ಕಮ್ಮಿ ಅಂತ ಕಂತನ್ನು 100ಕ್ಕೆ ಇಳಿಸಿದ್ದಾರೆ. ತಿಂಗಳಿಗೆ 50 ಬಡ್ಡಿ ಉಳಿಯುತ್ತದೆ. ವರ್ಷ ಕಳೆದರೆ 1,200 ಕಟ್ಟಿಯೂ 600 ಹೆಚ್ಚು ಬಾಕಿ. ಯಾರೂ ಲೆಕ್ಕ ತಪ್ಪಿಲ್ಲ. ಅವಳು ಬಹಳ ಹೊತ್ತು ಬೋರ್ಡ್ ನೋಡುತ್ತಾ ನಿಂತಿದ್ದಳು. ಆಮೇಲೆ ಫೋನಿನಲ್ಲಿ ಫೋಟೋ ತೆಗೆದು ಅಕ್ಕನಿಗೆ ಕಳಿಸಿದಳು.

ಇದು ಒಂದು ಮನೆಯ ವಿಷಯವಲ್ಲ. ಜುಡಿತ್ ಸ್ಕಾಟ್-ಕ್ಲೇಟನ್ ಮತ್ತು ಜಿಂಗ್ ಲಿ 2016ರಲ್ಲಿ ತೋರಿಸಿದ ಪ್ರಕಾರ, ಡಿಗ್ರಿ ಮುಗಿಸಿದ ದಿನ ಕಪ್ಪು ವಿದ್ಯಾರ್ಥಿಗಳ ಸಾಲ ಬಿಳಿಯರಿಗಿಂತ ಸರಾಸರಿ 7,400 ಡಾಲರ್ ಜಾಸ್ತಿ. ನಾಲ್ಕು ವರ್ಷಕ್ಕೆ ಆ ಅಂತರ ಸುಮಾರು 25,000. ಸ್ನಾತಕೋತ್ತರ ಓದಿಗೆ ಮತ್ತೆ ಮಾಡಿದ ಸಾಲ ಒಂದು ಕಾರಣ, ಏರುವ ಬಡ್ಡಿ ಇನ್ನೊಂದು. ಡಿಗ್ರಿಯ ದಿನದ ಲೆಕ್ಕ ಮಾತ್ರ ನೋಡಿದವರಿಗೆ ಅಂತರದ ದೊಡ್ಡ ಭಾಗ ಕಾಣುವುದೇ ಇಲ್ಲ.

ಅಂದರೆ ನಿಮ್ಮ ತಂಗಿಯ ಗೈಡ್ ಮಾಡುವ ಮೂರು ಕೆಲಸಗಳ ಕೆಳಗೂ ಒಂದೇ ಗಣಿತ ಇರಬಹುದು: ಏನನ್ನು ಹಿಡಿದಿಟ್ಟು, ಯಾರನ್ನು ಯಾರ ಜೊತೆ ಹೋಲಿಸಬೇಕು ಎನ್ನುವುದು. ಗಣಿತಜ್ಞರು ಇದನ್ನು ಕಂಡೀಷನಿಂಗ್ ಎನ್ನುತ್ತಾರೆ. ಕೇಳಲು ಸಣ್ಣ ಮಾತು. ಸರಿಯಾಗಿ ಮಾಡಲು ಪ್ರಾಬಬಿಲಿಟಿಗೆ ಅಡಿಪಾಯವಾದ ಮೆಷರ್ ಥಿಯರಿ ಬೇಕು, ಒಳ್ಳೆಯ ಪ್ರಾಬಬಿಲಿಟಿ ಬೇಕು, ಒಂದೊಂದು ಕಾರಣದ ಪಾಲನ್ನು ಬೇರೆ ಮಾಡಿ ಅಳೆಯುವ ರಿಗ್ರೆಷನ್ ಕೈಗೆ ಹತ್ತಿರಬೇಕು. ಈ ದೇಶದ ಗುಲಾಮಗಿರಿಯ, ಕಪ್ಪು ಮತ್ತು ಬಿಳಿ ಮಕ್ಕಳನ್ನು ಬೇರೆ ಬೇರೆ ಶಾಲೆಗಳಲ್ಲಿ ಇಟ್ಟಿದ್ದರ ಇತಿಹಾಸವೂ ಗೊತ್ತಿರಬೇಕು, ಇಲ್ಲದಿದ್ದರೆ ಯಾವುದನ್ನು ಹಿಡಿದಿಡಬೇಕು ಅಂತಲೇ ಹೊಳೆಯುವುದಿಲ್ಲ. ನಾನು ಬಂದ ಹೊಸದರಲ್ಲಿ ಅದು ಗೊತ್ತಿಲ್ಲದೆ ಒಂದಿಡೀ ವರ್ಷ ತಪ್ಪು ಹೋಲಿಕೆ ಮಾಡಿದ್ದೆ.

ಒಪ್ಪಿಕೊಳ್ಳುವ ಮುಂಚೆ ಗೈಡ್‌ಗೆ ಮೂರು ಮಾತು ಕೇಳಲು ಹೇಳಿ. ಮೊದಲ ಎರಡು ವರ್ಷ ಯಾವ ಗಣಿತ ಕೋರ್ಸ್‌ಗಳು ಕಡ್ಡಾಯ? ಡೇಟಾ ಈಗಾಗಲೇ ಕೈಯಲ್ಲಿದೆಯೋ, ಅನುಮತಿ ಬರಬೇಕೋ? ಮನುಷ್ಯರ ಮೇಲಿನ ಅಧ್ಯಯನಕ್ಕೆ ಯೂನಿವರ್ಸಿಟಿಯ ಸಮಿತಿ ಒಪ್ಪಬೇಕು, ಅದಕ್ಕೆ ತಿಂಗಳುಗಳೇ ಹಿಡಿಯಬಹುದು. ಮೂರನೆಯದು, ಹಿಂದಿನ ವಿದ್ಯಾರ್ಥಿಗಳು ಈಗ ಎಲ್ಲಿದ್ದಾರೆ? ಅವರಲ್ಲಿ ಒಬ್ಬಿಬ್ಬರ ಜೊತೆ ಅವಳು ನೇರವಾಗಿ ಮಾತಾಡಲಿ. ಮೂರಕ್ಕೂ ನೇರ ಉತ್ತರ ಬಂದರೆ ಧೈರ್ಯವಾಗಿ ಕಳಿಸಿ. ಮತ್ತೆ, ಇಲ್ಲಿಗೆ ಬಂದ ಮೊದಲ ವಾರದಲ್ಲೇ ಒಟ್ಟಿಗೆ ಕೂತು ಓದಲು ಇಬ್ಬರನ್ನು ಹುಡುಕಿಕೊಳ್ಳಲಿ.