ಗಂಡಸರ ಕಷ್ಟ ಬರೆಯಲು ಹೊರಟ ಗೆಳೆಯರಿಗೆ

ನಮಸ್ಕಾರ.

ತೀರ್ಥಹಳ್ಳಿಯಿಂದ ನೀವು ಕಳಿಸಿದ ‘ಗಂಡಸಿಗೂ ಹಕ್ಕಿದೆ’ ಲೇಖನ ಪೂರ್ತಿ ಓದಿದೆ. ಈಗ ಇರುವ ಹಾಗೆ ಹಾಕಲು ಆಗುವುದಿಲ್ಲ. ಹಾಗಂತ ವಿಷಯ ಬೇಡ ಅಂತಲ್ಲ, ವಿಷಯ ಬೇಕೇ ಬೇಕು. ನಮ್ಮ ಮಲೆನಾಡಲ್ಲಿ ಮೂವತ್ತೈದು ದಾಟಿದರೂ ಹೆಣ್ಣು ಸಿಗದೆ ತೋಟ ನೋಡಿಕೊಂಡು ಇರುವ ಹುಡುಗರು ಯಾವ ಊರಿಗೆ ಹೋದರೂ ಸಿಗುತ್ತಾರೆ, ಅವರ ಬಗ್ಗೆ ಮನಸ್ಸಿಟ್ಟು ಬರೆಯುವವರು ಕಡಿಮೆ. ನಿಮಗೆ ಅದು ಸಾಧ್ಯ. ಅದಕ್ಕೇ ಇಷ್ಟುದ್ದದ ಉತ್ತರ.

ಮೊದಲು ಕಾನೂನಿನ ಮಾತು, ಅಂದರೆ ಹೆಂಡತಿಗೆ ಗಂಡ ಅಥವಾ ಅವನ ಮನೆಯವರು ಹಿಂಸೆ ಕೊಟ್ಟರೆ ಹಾಕುತ್ತಿದ್ದ ಹಳೇ ದಂಡ ಸಂಹಿತೆಯ 498ಎ ಕಲಂ. ‘498ಎ ದೂರು ಬಿದ್ದರೆ ಗಂಡನ ಮನೆಯವರೆಲ್ಲ ಅವತ್ತೇ ಜೈಲಿಗೆ’ ಅಂತ ಬರೆದಿದ್ದೀರಿ. 2014ರಲ್ಲೇ ಸುಪ್ರೀಂ ಕೋರ್ಟ್ ಅರ್ನೇಶ್ ಕುಮಾರ್ ಪ್ರಕರಣದಲ್ಲಿ, ಇಂಥ ದೂರು ಬಂದ ತಕ್ಷಣ ಸುಮ್ನೆ ಬಂಧಿಸುವಂತಿಲ್ಲ, ಯಾಕೆ ಬಂಧಿಸಬೇಕು ಅಂತ ಪೊಲೀಸರು ಕಾರಣ ಬರೆದಿಡಬೇಕು ಅಂತ ಹೇಳಿದೆ. 2024ರ ಜುಲೈ 1ರಿಂದ ಆ ಕಲಂ ಹೊಸ ಕಾನೂನಾದ ಭಾರತೀಯ ನ್ಯಾಯ ಸಂಹಿತೆಯ 85 ಮತ್ತು 86ನೇ ಕಲಂ ಆಗಿದೆ. ಸುಳ್ಳು ಕೇಸಲ್ಲಿ ನರಳಿದವರು ಇದ್ದಾರೆ, ಖಂಡಿತ ಬರೆಯಿರಿ. ಆದರೆ 2022 ಒಂದೇ ವರ್ಷದಲ್ಲಿ ದೇಶದಲ್ಲಿ ಆರು ಸಾವಿರಕ್ಕೂ ಜಾಸ್ತಿ ವರದಕ್ಷಿಣೆ ಸಾವು ದಾಖಲಾಗಿವೆ. ಅದನ್ನು ಮುಚ್ಚಿಟ್ಟು ಬರೆದರೆ ನಿಮ್ಮ ನಿಜವಾದ ಮಾತನ್ನೂ ಯಾರೂ ನಂಬಲ್ಲ.

ಆತ್ಮಹತ್ಯೆಯ ಅಂಕಿಯೂ ಅಷ್ಟೇ. 2022ರಲ್ಲಿ 1.22 ಲಕ್ಷ ಗಂಡಸರು ಅಂತ ಕೇಂದ್ರದ ಅಪರಾಧ ದಾಖಲೆ ಸಂಸ್ಥೆ ಎನ್‌ಸಿಆರ್‌ಬಿಯ ವರದಿಯಿಂದ ತೆಗೆದಿದ್ದೀರಿ. ಅದು ಸರಿ, ಓದಿದರೆ ಹೊಟ್ಟೆಯಲ್ಲಿ ಸಂಕಟವಾಗುತ್ತದೆ. ಮುಂದಿನ ಸಾಲಲ್ಲೇ ‘ಇವರೆಲ್ಲ ಹೆಂಡತಿಯರ ಕಾಟಕ್ಕೆ ಸತ್ತವರು’ ಅಂದುಬಿಟ್ಟಿರಿ. ಅದೇ ವರದಿಯ ಒಟ್ಟು ಲೆಕ್ಕದಲ್ಲಿ ಮದುವೆಗೆ ಸಂಬಂಧಿಸಿದ ಕಾರಣ ಶೇ 5ಕ್ಕಿಂತ ಕಡಿಮೆ. ಮನೆಯ ಬೇರೆ ಸಮಸ್ಯೆಗಳು ಶೇ 31ರ ಮೇಲೆ, ಕಾಯಿಲೆ ಶೇ 18. ಸತ್ತವರಲ್ಲಿ ಕಾಲು ಭಾಗಕ್ಕಿಂತ ಜಾಸ್ತಿ ದಿನಗೂಲಿಯವರು. ಕೂಲಿ, ಸಾಲ, ಕಾಯಿಲೆ, ಯಾರ ಹತ್ತಿರವೂ ಹೇಳಿಕೊಳ್ಳದ ಸ್ವಭಾವ, ಇವೆಲ್ಲ ಗಂಡಸರ ಪ್ರಶ್ನೆಗಳೇ ಅಲ್ವಾ? ಒಂದಕ್ಕೂ ನಿಮ್ಮಲ್ಲಿ ಜಾಗವಿಲ್ಲ.

ಗಟ್ಟಿಯಾದ ವಾದವೊಂದನ್ನು ನೀವು ಬಿಟ್ಟೇಬಿಟ್ಟಿದ್ದೀರಿ. ಗಂಡಸಿನ ಮೇಲೆ ಬಲವಂತದ ಲೈಂಗಿಕ ದೌರ್ಜನ್ಯವಾದರೆ ಹಾಕಬಹುದಾಗಿದ್ದ ಹಳೇ 377ನೇ ಕಲಮನ್ನು ಹೊಸ ಸಂಹಿತೆಯಲ್ಲಿ ಪೂರ್ತಿ ಕೈಬಿಟ್ಟರು, ಅತ್ಯಾಚಾರದ ಕಲಂ ಹೆಣ್ಣಿಗೆ ಮಾತ್ರ ಉಳಿಯಿತು. ಹಾಗಾಗಿ ವಯಸ್ಕ ಗಂಡಸಿನ ಮೇಲೆ ಅತ್ಯಾಚಾರವಾದರೆ ಅದನ್ನು ಆ ಹೆಸರಲ್ಲಿ ದಾಖಲಿಸಲು ಕಲಮೇ ಇಲ್ಲ. ಗಂಡಸಿನ ಹಕ್ಕು ಅಂತ ಹೊರಟವರು ಇದನ್ನು ಕೇಳಲೇಬೇಕು. ಇದನ್ನು ಕೇಳಲು ಯಾವ ಹೆಂಗಸನ್ನೂ ಬೈಯಬೇಕಾಗಿಲ್ಲ.

ಇನ್ನು ನನ್ನನ್ನು ಹಿಡಿದು ನಿಲ್ಲಿಸಿದ ಭಾಗ. ನಾಲ್ಕನೇ ಪುಟದಲ್ಲಿ ನಿಮ್ಮ ಅಣ್ಣ ಹೆಣ್ಣು ನೋಡಲು ಹೋಗುತ್ತಾರೆ. ಹಿಂದಿನ ದಿನವಷ್ಟೇ ಅಡಿಕೆಯ ಕೊಳೆ ರೋಗಕ್ಕೆ ಔಷಧಿ ಹೊಡೆಸಿ ಬಂದವರು, ಎಷ್ಟು ತಿಕ್ಕಿದರೂ ಉಗುರಿನ ಸಂದಿಯಿಂದ ಆ ಔಷಧಿಯ ಮೈಲುತುತ್ತದ ನೀಲಿ ಹೋಗಿಲ್ಲ, ಕಾಫಿ ಲೋಟ ತಗೊಳ್ಳುವಾಗ ಬೆರಳು ಮಡಚಿಕೊಳ್ಳುತ್ತಾರೆ. ಹುಡುಗಿಯ ಅಪ್ಪ ‘ಬೆಂಗಳೂರಲ್ಲಿ ಸೈಟ್ ಏನಾದ್ರೂ ಇದೆಯಾ’ ಅಂತ ಕೇಳುತ್ತಾರೆ. ಎಷ್ಟು ಚೆನ್ನಾಗಿ ಬರೆದಿದ್ದೀರಿ! ಅಲ್ಲಿಂದ ಸೀದಾ ‘ಇಂದಿನ ಹುಡುಗಿಯರಿಗೆ ದುಡ್ಡೇ ದೇವರು’ ಅಂತ ಹಾರುತ್ತೀರಿ. ಆ ಹುಡುಗಿ ನಿಮ್ಮ ಲೇಖನದಲ್ಲಿ ಬಾಯೇ ಬಿಟ್ಟಿಲ್ಲ. ಕೇಳಿದ್ದು ಅವಳಪ್ಪ.

ಆರನೇ ಪುಟದಲ್ಲಿ ಅರ್ಧ ಸಾಲು ಬರುತ್ತದೆ: ನಿಮ್ಮ ಅಕ್ಕನಿಗೆ ಸಾಗರದ ಕಡೆಯ ತೋಟದ ಸಂಬಂಧ ಬಂದಿತ್ತು, ಅಪ್ಪಯ್ಯ ಬೇಡ ಅಂದು ಬೆಂಗಳೂರಿನ ಸಾಫ್ಟ್‌ವೇರ್ ಹುಡುಗನಿಗೆ ಕೊಟ್ಟರು. ಅಣ್ಣನಿಗೆ ಆದದ್ದನ್ನೇ ನಿಮ್ಮ ಮನೆ ಇನ್ನೊಬ್ಬ ಹುಡುಗನಿಗೆ ಮಾಡಿದೆ. ಲೇಖನ ಇರುವುದು ಇಲ್ಲೇ. ಗಂಡು ಅಂದರೆ ಸಂಪಾದನೆ, ಸೈಟು, ಸಂಬಳ ಅಂತ ಅಳೆಯುವವರು ಯಾರು, ಆ ಲೆಕ್ಕ ಯಾವ ಜಗಲಿಯಲ್ಲಿ ಕೂತು ನಡೆಯುತ್ತದೆ ಅನ್ನುವುದು ನಿಮ್ಮ ಮನೆಯಲ್ಲೇ ಸಿಗುತ್ತದೆ.

ಅಕ್ಕನಿಗೆ ಫೋನ್ ಮಾಡಿ, ಅವತ್ತು ಅವರನ್ನು ಯಾರಾದರೂ ಕೇಳಿದ್ದರಾ ಅಂತ ವಿಚಾರಿಸಿ. ಅಮ್ಮನ ಜೊತೆಯೂ ಕೂತು ಮಾತಾಡಿ. ಸುಗ್ಗಿಯಲ್ಲಿ ರಾತ್ರಿ ಹನ್ನೊಂದರವರೆಗೆ ಅಡಿಕೆ ಸುಲಿಯುತ್ತಾರೆ ಅಂತ ನೀವೇ ಬರೆದಿದ್ದೀರಿ, ಪಹಣಿಯಲ್ಲಿ ಅವರ ಹೆಸರಿದೆಯಾ ನೋಡಿ. ತೋಟದ ಮನೆಗೆ ಹೆಣ್ಣು ಕೊಡಲು ಯಾಕೆ ಹಿಂಜರಿಯುತ್ತಾರೆ ಅಂತ ಅವರಷ್ಟು ಸರಿಯಾಗಿ ಇನ್ಯಾರೂ ಹೇಳಲಾರರು.

ಅಣ್ಣನ ಒಪ್ಪಿಗೆ ಇಲ್ಲದೆ ಅವರ ವಿಷಯ ಬರೆಯಬೇಡಿ. ಅವರಿಗೆ ಮುಜುಗರವಾದರೆ ಊರು ಬದಲಿಸೋಣ. ಸಾವಿರ ಪದ ಸಾಕು. ಅವಸರ ಇಲ್ಲ, ಅಡಿಕೆ ಕೊನೆಗಳ ಕೊಯ್ಲು ಮುಗಿಸಿಕೊಂಡೇ ಕಳಿಸಿ, ಬಂದ ತಕ್ಷಣ ಓದುತ್ತೇನೆ.