ರೂಟರ್ ಸುಮ್ನೇ ಇದೆ, ಕೂಗ್ತಿರೋದು ಅದರ ಪಕ್ಕದ್ದು

ಪ್ರಶ್ನೆ: ಸರ್, ನಮ್ಮದು ಚಿಕ್ಕಮಗಳೂರಿನಿಂದ ಸ್ವಲ್ಪ ಆಚೆ, ಹಳೇ ಹೆಂಚಿನ ಮನೆ. ಹಾಲ್‌ನಲ್ಲಿ ಟಿವಿ ಸ್ಟ್ಯಾಂಡ್ ಹತ್ತಿರ ಫೈಬರ್ ಡಬ್ಬಿ ಮತ್ತು ವೈಫೈ ರೂಟರ್ ಇಟ್ಟಿದ್ದೇವೆ. ಎರಡರ ವೈರೂ ಹಿಂದಿರುವ ಒಂದು ಕಪ್ಪು ಡಬ್ಬಕ್ಕೆ ಹೋಗುತ್ತೆ. ಸುಮಾರು ದಿನದಿಂದ ಸಂಜೆ ಮೇಲೆ ಎಲ್ಲಿಂದಲೋ ‘ಪೀಪ್ ಪೀಪ್’ ಅಂತ ಸದ್ದು. ಹೋಗಿ ನೋಡಿದರೆ ನಿಂತಿರುತ್ತೆ, ಇಂಟರ್ನೆಟ್ಟೂ ಸರಿಯಾಗೇ ಇರುತ್ತೆ. ಒಮ್ಮೆ ಅಡುಗೆಮನೆಯಿಂದ ಬಂದ ಹಾಗೆ, ಒಮ್ಮೆ ಅಟ್ಟದಿಂದ ಬಂದ ಹಾಗೆ. ಅತ್ತೆ ಹಲ್ಲಿ ಅಂತಾರೆ. ಬೋರ್ಡಿನ ಸ್ವಿಚ್ ಆಫ್ ಮಾಡಿ ನೋಡಿದೆ, ನಿಲ್ಲೋದಿರಲಿ, ಇನ್ನೂ ಜಾಸ್ತಿ ಆಯ್ತು! ಕನೆಕ್ಷನ್ ಕೊಟ್ಟ ಹುಡುಗ ರೂಟರ್ ಬದಲಿಸಬೇಕು ಅಂತಾನೆ. ಬದಲಿಸಲಾ?

ಉತ್ತರ: ಬೇಡ ಮೇಡಂ. ಈ ಸದ್ದಿಗೋಸ್ಕರವಂತೂ ಬೇಡ. ರೂಟರ್ ಬದಲಿಸಿದರೆ ದುಡ್ಡು ಹೋಗುತ್ತೆ, ಪೀಪ್ ಹಾಗೇ ಇರುತ್ತೆ.

ಮನೆಗೆ ಕೊಡುವ ವೈಫೈ ರೂಟರ್‌ನಲ್ಲಾಗಲಿ, ಫೈಬರ್ ಬಂದು ಸೇರುವ ಓಎನ್‌ಟಿ ಡಬ್ಬಿಯಲ್ಲಾಗಲಿ ಸಾಮಾನ್ಯವಾಗಿ ಬಜರ್ ಇರುವುದಿಲ್ಲ. ಅವು ತಮ್ಮ ಕಷ್ಟ ಹೇಳಿಕೊಳ್ಳುವುದು ದೀಪದಲ್ಲಿ. ಫೈಬರ್ ತುಂಡಾದರೆ ಎಲ್‌ಓಎಸ್ ಅಂತ ಬರೆದ ಕಡೆ ಕೆಂಪು ದೀಪ ಬರುತ್ತೆ, ಅಷ್ಟೇ. ಮರ ಬಿದ್ದು ರಸ್ತೆ ಪಕ್ಕದ ಕೇಬಲ್ಲೇ ಹರಿದು ಹೋದರೂ ಅವು ತುಟಿ ಪಿಟಕ್ಕೆನ್ನುವುದಿಲ್ಲ. ತುಂಬ ಹಳೆಯ ಕೆಲವು ಓಎನ್‌ಟಿಗಳಲ್ಲಿ ಬ್ಯಾಟರಿ ಕೂರಿಸಲು ಜಾಗ ಇರುತ್ತಿತ್ತು, ಅಂಥದ್ದಾದರೆ ಡಬ್ಬಿಯ ಮುಂಭಾಗದಲ್ಲೇ ಬ್ಯಾಟರಿ ಅಂತ ಒಂದು ದೀಪ ಕಾಣುತ್ತೆ. ಈಗ ಕೊಡುತ್ತಿರುವ ಡಬ್ಬಿಗಳಲ್ಲಿ ಅದು ಅಪರೂಪ.

ನಿಮ್ಮ ಪ್ರಶ್ನೆಯೊಳಗೇ ಉತ್ತರ ಇದೆ. ಸ್ವಿಚ್ ಆಫ್ ಮಾಡಿದ ಮೇಲೆ ಸದ್ದು ಜಾಸ್ತಿ ಆಯ್ತು ಅಂದಿರಿ. ಬರೀ ಕರೆಂಟಿನಲ್ಲಿ ಓಡುವ ಸಾಮಾನಾಗಿದ್ದರೆ ಆ ಕ್ಷಣವೇ ಸುಮ್ಮನಾಗಬೇಕಿತ್ತು. ಕರೆಂಟ್ ಹೋದಾಗ ಒಳಗಿನ ಬ್ಯಾಟರಿಯಿಂದ ಕರೆಂಟ್ ಕೊಡುತ್ತಾ ಕೂಗುವ ಸಾಮಾನು ಯುಪಿಎಸ್, ಆ ಕಪ್ಪು ಡಬ್ಬ ಅದೇ ಇರಬೇಕು. ಬಹುಶಃ ಹಿಂದೆ ಮನೆಯಲ್ಲಿ ಕಂಪ್ಯೂಟರ್ ಇದ್ದಾಗ ತಂದದ್ದು. ಕಂಪ್ಯೂಟರ್ ಹೋಯ್ತು, ಯುಪಿಎಸ್ ಉಳೀತು, ಫೈಬರ್ ಬಂದಾಗ ಯಾರೋ ರೂಟರನ್ನು ಅದಕ್ಕೇ ಸಿಕ್ಕಿಸಿದರು. ಎಷ್ಟೋ ಮನೆಗಳಲ್ಲಿ ಇದೇ ಕತೆ.

ಸದ್ದು ಹುಡುಕಲು ಎಲ್ಲರೂ ಹೇಳುವ ಉಪಾಯ ಒಂದಿದೆಯಲ್ಲ, ಒಂದೊಂದೇ ಸ್ವಿಚ್ ಆರಿಸುತ್ತಾ ಬನ್ನಿ, ಯಾವುದು ಆರಿಸಿದಾಗ ನಿಲ್ಲುತ್ತೋ ಅದೇ ಕಳ್ಳ ಅಂತ, ಅದು ಒಳಗೆ ಬ್ಯಾಟರಿ ಇರುವ ಸಾಮಾನಿನ ಮುಂದೆ ನಡೆಯುವುದಿಲ್ಲ. ಯುಪಿಎಸ್ ಇನ್ನೂ ಜೋರಾಗುತ್ತೆ. ಬ್ಯಾಟರಿ ಇರುವ ಗ್ಯಾಸ್ ಸೋರಿಕೆ ಅಲಾರಂ, ಹೋಂಸ್ಟೇ ಇದ್ದವರ ಮನೆಯ ಹೊಗೆ ಅಲಾರಂ, ಕಾರ್ಡ್‌ಲೆಸ್ ಫೋನಿನ ಹ್ಯಾಂಡ್‌ಸೆಟ್ ಇವೂ ಸ್ವಿಚ್ ಆರಿಸಿದರೆ ನಿಲ್ಲಲ್ಲ. ಅದರಲ್ಲೂ ಕಾರ್ಡ್‌ಲೆಸ್ ಫೋನ್ ಮೇಲೆ ಒಂದು ಕಣ್ಣಿರಲಿ. ಫೈಬರ್ ಜೊತೆ ಲ್ಯಾಂಡ್‌ಲೈನೂ ಬಂದಿದ್ದರೆ ಅದು ರೂಟರ್ ಪಕ್ಕದಲ್ಲೇ ಕೂತಿರುತ್ತೆ. ಬ್ಯಾಟರಿ ಇಳಿದ ಹ್ಯಾಂಡ್‌ಸೆಟ್ ಸೋಫಾ ಸಂದಿಯಲ್ಲಿ ಬಿದ್ದು ಪೀಪ್ ಅಂದರೆ ಬೈಗುಳ ತಿನ್ನೋದು ರೂಟರ್.

ಇನ್ನು ಸದ್ದು ಒಮ್ಮೆ ಅಡುಗೆಮನೆ, ಒಮ್ಮೆ ಅಟ್ಟ ಅಂತ ಜಾಗ ಬದಲಿಸುತ್ತಲ್ಲ, ಅದು ನಿಮ್ಮ ಕಿವಿಯ ತಪ್ಪಲ್ಲ. ಸದ್ದು ಒಂದು ಕಿವಿಗೆ ಒಂದು ಚೂರು ಬೇಗ, ಇನ್ನೊಂದಕ್ಕೆ ಒಂದು ಚೂರು ತಡವಾಗಿ ಮುಟ್ಟುತ್ತೆ, ಒಂದು ಕಡೆ ಸ್ವಲ್ಪ ಜೋರಾಗಿಯೂ ಕೇಳುತ್ತೆ. ಅದರಿಂದಲೇ ದಿಕ್ಕು ಗೊತ್ತಾಗುವುದು. ದಪ್ಪ ಸದ್ದಿಗೆ ಮೊದಲನೆಯ ಲೆಕ್ಕ ಚೆನ್ನಾಗಿ ಸಿಗುತ್ತೆ, ತೀರಾ ಕೀರಲು ಸದ್ದಿಗೆ ಎರಡನೆಯದು. ಈ ಸಣ್ಣ ಬಜರ್‌ಗಳು ಹೆಚ್ಚಾಗಿ 2,000ದಿಂದ 4,000 ಹರ್ಟ್ಸ್ ನಡುವೆ ಕೂಗುತ್ತವೆ, ಅಲ್ಲಿ ಎರಡು ಲೆಕ್ಕವೂ ಗಲಿಬಿಲಿ. ಜೊತೆಗೆ ಸದ್ದು ಒಂದು ಕ್ಷಣ ಬಂದು ನಿಂತುಬಿಡುತ್ತೆ, ತಲೆ ತಿರುಗಿಸಿ ನೋಡುವಷ್ಟು ಹೊತ್ತೂ ಇರಲ್ಲ. ನಿಮ್ಮದು ಎತ್ತರದ ಮಾಡು, ಗಾರೆ ನೆಲದ ಮನೆಯಾಗಿದ್ದರೆ ಗೋಡೆ, ನೆಲ ಎಲ್ಲ ಕಡೆಯಿಂದ ತಟ್ಟಿ ವಾಪಸ್ ಬರುತ್ತೆ.

ಹಾಗಾಗಿ ಕಿವಿ ನಂಬಿ ಮನೆಯೆಲ್ಲ ಓಡಾಡಬೇಡಿ. ಮನೆಯಲ್ಲಿ ಎರಡು ಫೋನ್ ಇದೆ ಅಲ್ವಾ? ಸಂಜೆ ಒಂದನ್ನು ಟಿವಿ ಸ್ಟ್ಯಾಂಡ್ ಹಿಂದೆ, ಇನ್ನೊಂದನ್ನು ಅಡುಗೆಮನೆಯಲ್ಲಿ ಇಟ್ಟು, ಎರಡರಲ್ಲೂ ವಾಯ್ಸ್ ರೆಕಾರ್ಡರ್ ಆನ್ ಮಾಡಿ ಬಿಟ್ಟುಬಿಡಿ. ಆಮೇಲೆ ತೆಗೆದು ನೋಡಿದರೆ ಪೀಪ್ ಬಂದ ಜಾಗದಲ್ಲಿ ಗೆರೆ ಚೂಪಾಗಿ ಎದ್ದಿರುತ್ತೆ. ಯಾವ ಫೋನಿನಲ್ಲಿ ಎತ್ತರ ಇದೆಯೋ ಸದ್ದು ಆ ಕಡೆಯದ್ದು. ಎಷ್ಟು ಹೊತ್ತಿಗೆ ಬಂತು, ಎಷ್ಟು ಸಲ ಕೂಗಿತು ಅನ್ನುವುದೂ ಅದರಲ್ಲೇ ಸಿಗುತ್ತೆ, ಈ ಲೆಕ್ಕ ಮುಖ್ಯ. ಡಬ್ಬದ ಮೇಲೇ ಅನುಮಾನ ಇದ್ದರೆ, ಅದು ಕೂಗುವಾಗ ದಪ್ಪ ಕಂಬಳಿಯೊಂದನ್ನು ಮೇಲೆ ಹಾಕಿ. ಸದ್ದು ಮಂಕಾದರೆ ಅಲ್ಲಿಗೆ ತೀರ್ಮಾನ. ಕಂಬಳಿ ಕೂಡಲೇ ತೆಗೆಯಿರಿ, ಹಾಗೇ ಬಿಟ್ಟರೆ ಬಿಸಿಯಾಗುತ್ತೆ.

ಸಂಜೆಯೇ ಯಾಕೆ? ಊರೆಲ್ಲ ಒಟ್ಟಿಗೆ ದೀಪ, ಟಿವಿ, ಮೋಟರ್ ಹಾಕುವ ಹೊತ್ತು ಅದು, ವೋಲ್ಟೇಜ್ ಇಳಿಯುತ್ತೆ. ಮನೆಗೆ ಬರಬೇಕಾದದ್ದು 230. ಇಲ್ಲಿ ಮಾರುವ ಸಣ್ಣ ಯುಪಿಎಸ್‌ಗಳು ಹೆಚ್ಚಾಗಿ 140-145 ವೋಲ್ಟ್‌ವರೆಗೂ ಸಹಿಸಿಕೊಳ್ಳುತ್ತವೆ, ಅದಕ್ಕಿಂತ ಕೆಳಗೆ ಹೋದರೆ ಬ್ಯಾಟರಿಗೆ ಹಾರಿ ಕೂಗುತ್ತವೆ. ಅಕ್ಕಪಕ್ಕ ಪಂಪ್‌ಸೆಟ್ ಚಾಲೂ ಆದ ಒಂದು ಕ್ಷಣ ವೋಲ್ಟೇಜ್ ಕುಸಿದರೂ ಸಾಕು. ದೀಪ ಆರುವುದಿಲ್ಲ, ಒಂಚೂರು ಮಂಕಾಗಿ ಸರಿಯಾಗುತ್ತೆ, ನಿಮಗೆ ಅದು ಗೊತ್ತೂ ಆಗಲ್ಲ, ನೀವು ಹೋಗಿ ನೋಡುವಷ್ಟರಲ್ಲಿ ಯುಪಿಎಸ್ ಮತ್ತೆ ಕರೆಂಟಿಗೆ ಬಂದು ಸುಮ್ಮನಾಗಿರುತ್ತೆ. ಸದ್ದು ಬಂದಾಗ ಬಲ್ಬ್ ಕಡೆ ನೋಡಿ, ಮಂಕಾದರೆ ಇದೇ ಕಾರಣ.

ಕೂಗುವ ಲೆಕ್ಕ ಕಂಪನಿಗೊಂದು ತರಹ. ಎಪಿಸಿ ಕಂಪನಿಯ ‘ಬ್ಯಾಕ್-ಯುಪಿಎಸ್’ ಅನ್ನುವ ಸಣ್ಣ ಯುಪಿಎಸ್‌ಗಳಲ್ಲಿ ಕೆಲವು ಬ್ಯಾಟರಿ ಮೇಲೆ ಓಡುವಾಗ 30 ಸೆಕೆಂಡಿಗೊಮ್ಮೆ 4 ಸಲ ಕೂಗುತ್ತವೆ. ಸಾಮಾನ್ಯವಾಗಿ ನಿಧಾನಕ್ಕೆ ಬಿಟ್ಟು ಬಿಟ್ಟು ಬಂದರೆ ಬ್ಯಾಟರಿಯಲ್ಲಿ ಓಡುತ್ತಿದೆ ಅಂತ, ಗಡಿಬಿಡಿಯಲ್ಲಿ ಬಂದರೆ ಬ್ಯಾಟರಿ ಮುಗೀತಾ ಬಂತು ಅಂತ, ನಿಲ್ಲದೆ ಒಂದೇ ಸಮ ಬಂದರೆ ಲೋಡ್ ಜಾಸ್ತಿ ಅಥವಾ ಒಳಗೇ ಏನೋ ಕೆಟ್ಟಿದೆ ಅಂತ. ನಿಮ್ಮ ಡಬ್ಬದ ಹಿಂದಿನ ಚೀಟಿಯಲ್ಲಿ ಮಾಡೆಲ್ ನಂಬರ್ ಇರುತ್ತೆ, ಅದರ ಕೈಪಿಡಿ ಕಂಪನಿಯ ಜಾಲತಾಣದಲ್ಲಿ ಸಿಗುತ್ತೆ. ಅದನ್ನೇ ನಂಬಿ.

ಕರೆಂಟ್ ಸರಿಯಾಗೇ ಇದ್ದೂ ಆಗಾಗ ಕೂಗಿದರೆ ಹೆಚ್ಚಾಗಿ ಬ್ಯಾಟರಿ ಸತ್ತಿರುತ್ತೆ. ಕೆಲವು ಯುಪಿಎಸ್‌ಗಳು ಆಗಾಗ ತಾವೇ ಬ್ಯಾಟರಿ ಪರೀಕ್ಷೆ ಮಾಡಿಕೊಳ್ಳುತ್ತವೆ, ಫೇಲಾದರೆ ಹೊತ್ತಲ್ಲದ ಹೊತ್ತಿನಲ್ಲಿ ಕೂಗುತ್ತವೆ. ನೀವೇ ನೋಡಬಹುದು. ರೂಟರ್ ಓಡುತ್ತಿರುವಾಗ ಬೋರ್ಡಿನ ಸ್ವಿಚ್ ಆರಿಸಿ ಗಡಿಯಾರ ನೋಡಿ. ರೂಟರ್, ಓಎನ್‌ಟಿ ಎರಡೂ ಸೇರಿ ಎಳೆಯುವುದು ಹತ್ತಿಪ್ಪತ್ತು ವ್ಯಾಟ್. ಬ್ಯಾಟರಿ ಗಟ್ಟಿ ಇದ್ದರೆ ಒಂದು ಗಂಟೆಯಾದರೂ ತಳ್ಳಬೇಕು. ಐದು ನಿಮಿಷದಲ್ಲೇ ಎಲ್ಲ ಆರಿದರೆ ಹೊಸದು ಹಾಕಿಸುವ ಕಾಲ ಬಂತು. ಒಂದು ಮಾತು, ಕೆಲವು ಯುಪಿಎಸ್‌ಗಳು ಲೋಡ್ ತೀರಾ ಕಡಿಮೆ ಇದ್ದರೆ ಏನೂ ಸಿಕ್ಕಿಸಿಲ್ಲ ಅಂದುಕೊಂಡು ತಾವೇ ಆಫ್ ಆಗುತ್ತವೆ, ಹಾಗಾಗಿ ಪರೀಕ್ಷೆ ಮಾಡುವಾಗ ಒಂದು ಟೇಬಲ್ ಲ್ಯಾಂಪೂ ಜೊತೆಗೆ ಸಿಕ್ಕಿಸಿ.

600 ವಿಎ (ಯುಪಿಎಸ್ ಎಷ್ಟು ಲೋಡ್ ಹೊರುತ್ತೆ ಅನ್ನುವ ಅಳತೆ) ಯುಪಿಎಸ್‌ನಲ್ಲಿ ಸಾಮಾನ್ಯವಾಗಿ ಇರುವುದು 12 ವೋಲ್ಟ್, 7 ಎಎಚ್‌ನ (ಬ್ಯಾಟರಿ ಎಷ್ಟು ಕರೆಂಟ್ ಹಿಡಿದಿಡುತ್ತೆ ಅನ್ನುವ ಅಳತೆ) ಮುಚ್ಚಿದ ಲೆಡ್ ಆಸಿಡ್ ಬ್ಯಾಟರಿ. ಮೂರರಿಂದ ಐದು ವರ್ಷ ಬಂದರೆ ಚೆನ್ನಾಗಿ ಬಂತು ಅನ್ನಬೇಕು. ಟಿವಿ ಹಿಂದೆ ಬಿಸಿಯಲ್ಲಿ ಕೂತರೆ ಅಷ್ಟೂ ಬರಲ್ಲ, ಸುಮಾರು 10 ಡಿಗ್ರಿ ಬಿಸಿ ಏರಿದರೆ ಇದರ ಆಯುಸ್ಸು ಅರ್ಧಕ್ಕರ್ಧ ಇಳಿಯುತ್ತೆ. ಮಳೆಗಾಲದಲ್ಲಿ ಗಂಟೆಗಟ್ಟಲೆ ಕರೆಂಟ್ ಇಲ್ಲದೆ ಪೂರ್ತಿ ಇಳಿದು, ಇಳಿದೇ ಉಳಿದರೂ ಬೇಗ ಹಾಳಾಗುತ್ತೆ. ಹೊಸ ಯುಪಿಎಸ್ ಬೇಡ, ಬ್ಯಾಟರಿ ಮಾತ್ರ ಬದಲಿಸಿದರೆ ಸಾಕು, ಪೇಟೆಯಲ್ಲಿ ಇನ್ವರ್ಟರ್ ಅಂಗಡಿಯವರು ನಿಂತ ನಿಲುವಲ್ಲಿ ಹಾಕಿಕೊಡುತ್ತಾರೆ. ಹಳೇದನ್ನು ಅವರಿಗೇ ವಾಪಸ್ ಕೊಡಿ. ಒಳಗೆ ಸೀಸ, ಆಸಿಡ್ ಇದೆ, ಹಿತ್ತಿಲಲ್ಲಿ ಬಿಸಾಡಬೇಡಿ.

ಡಬ್ಬ ಹೊರಗೆಳೆಯುವಾಗ ಓಎನ್‌ಟಿಗೆ ಬರುವ ಸಣ್ಣ ಫೈಬರ್ ವೈರ್ ಬಗ್ಗೆ ಜೋಪಾನ. ಅದನ್ನು ಮಡಚಿ ಸಂದಿಗೆ ತುರುಕಿದರೆ ಪೀಪ್ ಹೋಗಿ ಇಂಟರ್ನೆಟ್ಟೂ ಹೋಗುತ್ತೆ. ಬಿಚ್ಚಿದರೆ ತುದಿಯನ್ನು ಕಣ್ಣಿಗೆ ಹಿಡಿದು ನೋಡಬೇಡಿ, ಅದರಲ್ಲಿ ಬರುವ ಬೆಳಕು ಕಣ್ಣಿಗೆ ಕಾಣುವಂಥದ್ದಲ್ಲ.

ಪ್ರಶ್ನೆ: ಸಕಲೇಶಪುರದ ಹತ್ತಿರ ನಮ್ಮ ತೋಟದ ಮನೆ. ರೂಟರ್ ಹೊಸದು ಹಾಕಿಸಿದ ಮೇಲೆ ಸಿಸಿ ಕ್ಯಾಮೆರಾದ ಡಿವಿಆರ್ (ರೆಕಾರ್ಡ್ ಮಾಡೋ ಡಬ್ಬ) ಬಿಡದೆ ಬಡ್ಕೊಳ್ತಿದೆ. ತೋಟದ ಲೆಕ್ಕ ನೋಡೋ ರೈಟರ್ ಅದರ ಮೇಲೆ ದಿಂಬು ಇಟ್ಟಿದ್ದಾರೆ. ಸೌಂಡ್ ಆಫ್ ಮಾಡೋದು ಹೇಗೆ?

ಉತ್ತರ: ಮೊದಲು ದಿಂಬು ತೆಗೆಸಿ! ಡಿವಿಆರ್ ಒಳಗೆ ಹಾರ್ಡ್ ಡಿಸ್ಕ್ ಸದಾ ಓಡುತ್ತಿರುತ್ತೆ, ಗಾಳಿ ಬೇಕು.

ಸೌಂಡ್ ಆಫ್ ಮಾಡುವುದು ಸುಲಭ. ಮೆನುವಿನಲ್ಲಿ ಎಕ್ಸೆಪ್ಷನ್ ಅಂತಲೋ ಅಬ್‌ನಾರ್ಮಾಲಿಟಿ ಅಂತಲೋ ಒಂದು ಜಾಗ ಇರುತ್ತೆ, ಅಲ್ಲಿ ಒಂದೊಂದು ತೊಂದರೆಗೂ ಬಜರ್ ಬೇಕೋ ಬೇಡವೋ ಅಂತ ಟಿಕ್ ಮಾಡಬಹುದು. ಆದರೆ ಈಗಲೇ ಮಾಡಬೇಡಿ. ಹಾರ್ಡ್ ಡಿಸ್ಕ್ ಕೆಟ್ಟಾಗಲೂ ಅದು ಹೀಗೇ ಕೂಗುವುದು. ಮೊಬೈಲಿನಲ್ಲಿ ಲೈವ್ ಚೆನ್ನಾಗೇ ಕಾಣುತ್ತಿರುತ್ತೆ, ರೆಕಾರ್ಡ್ ಮಾತ್ರ ಆಗುತ್ತಿರುವುದಿಲ್ಲ. ಕಣದಲ್ಲಿ ಕಾಫಿ ಹರಡಿದ ದಿನಗಳಲ್ಲಿ ಬಜರ್ ಬಾಯಿ ಮುಚ್ಚಿಸಿ ನಿಶ್ಚಿಂತೆಯಾಗಿ ಮಲಗಿ, ಮೂಟೆ ಕಡಿಮೆಯಾದ ಮೇಲೆ ಪ್ಲೇಬ್ಯಾಕ್ ತೆಗೆದರೆ ಪರದೆ ಖಾಲಿ. ಅದಕ್ಕೇ ಮೊದಲು ನಿನ್ನೆ ರಾತ್ರಿ ಮೂರು ಗಂಟೆಯ ರೆಕಾರ್ಡಿಂಗ್ ಹಾಕಿ ನೋಡಿ. ಬಂದರೆ ಡಿಸ್ಕ್ ಸರಿ ಇದೆ.

ನಿಮ್ಮದು ರೂಟರ್ ಬದಲಾದ ಮೇಲೆ ಶುರುವಾದ್ದರಿಂದ ನನಗೆ ಅನುಮಾನ ಐಪಿ ವಿಳಾಸದ ಮೇಲೆ, ಅಂದರೆ ನೆಟ್‌ವರ್ಕ್‌ನಲ್ಲಿ ಒಂದೊಂದು ಸಾಮಾನಿಗೂ ಇರುವ ನಂಬರ್ ಮೇಲೆ. ಹಳೇ ರೂಟರ್ ಇದ್ದಾಗ ಡಿವಿಆರ್‌ಗೆ 192.168.1.10 ಅನ್ನೋ ಥರ ಒಂದು ಖಾಯಂ ವಿಳಾಸ ಕೊಟ್ಟಿರುತ್ತಾರೆ. ಹೊಸ ರೂಟರ್‌ಗೆ ಅದು ಗೊತ್ತಿಲ್ಲ, ಅದೇ ವಿಳಾಸವನ್ನು ನಿಮ್ಮನೆಯ ಯಾವುದೋ ಮೊಬೈಲಿಗೆ ಹಂಚುತ್ತೆ. ಒಂದೇ ವಿಳಾಸಕ್ಕೆ ಇಬ್ಬರಾದರೆ ಡಿವಿಆರ್ ಗಲಾಟೆ ಮಾಡುತ್ತೆ. ಡಿವಿಆರ್‌ನ ನೆಟ್‌ವರ್ಕ್ ಮೆನುವಿನಲ್ಲಿ ಡಿಎಚ್‌ಸಿಪಿ (ವಿಳಾಸವನ್ನು ರೂಟರೇ ಹಂಚುವ ವ್ಯವಸ್ಥೆ) ಆನ್ ಮಾಡಿ, ಆಮೇಲೆ ಡಿವಿಆರನ್ನು ಒಮ್ಮೆ ಆಫ್ ಮಾಡಿ ಆನ್ ಮಾಡಿ. ಇಷ್ಟಾದರೂ ಕೂಗಿದರೆ ಕೇಬಲ್ ಪಿನ್ ನೋಡಿ, ಆಮೇಲೆ ಚಿತ್ರ ಬರದ ಕ್ಯಾಮೆರಾ ಯಾವುದಾದರೂ ಇದೆಯೇ ನೋಡಿ. ಒಂದು ಕ್ಯಾಮೆರಾದ ವೈರನ್ನು ಇಲಿ ಕಡಿದಿದ್ದರೂ ಅದಕ್ಕೊಂದು ಕೂಗು ಇದೆ.

ಪ್ರಶ್ನೆ: ಹಾಸನದಿಂದ. ರೂಟರ್ ಹತ್ತಿರ ‘ಕೀಂ’ ಅಂತ ಸಣ್ಣ ಸದ್ದು ಬರುತ್ತೆ ಅಂತಾನೆ ಮಗ. ನನಗೂ ನಮ್ಮೆಜಮಾನರಿಗೂ ಏನೂ ಕೇಳಲ್ಲ. ಸುಮ್ನೆ ಹೇಳ್ತಾನಾ?

ಉತ್ತರ: ಇಲ್ಲ ಮೇಡಂ, ಮಗ ನಿಜ ಹೇಳ್ತಿದ್ದಾನೆ. ವಯಸ್ಸಾಗುತ್ತಾ ಹೋದ ಹಾಗೆ ಕೀರಲು ಸದ್ದು ಮೊದಲು ಕಿವಿಯಿಂದ ಜಾರುತ್ತೆ. ಸದ್ದು ಬರುತ್ತಿರುವುದು ಬಹುಶಃ ಅಡಾಪ್ಟರ್‌ನಿಂದ, ಒಳಗಿನ ಸುರುಳಿ ಅಥವಾ ಹಳೇ ಕೆಪಾಸಿಟರ್ ಅದುರಿದಾಗ ಹೀಗಾಗುತ್ತೆ. ಸದ್ದೊಂದೇ ಆದರೆ ತೊಂದರೆ ಇಲ್ಲ. ಅದರ ಜೊತೆ ರೂಟರ್ ಆಗಾಗ ತಾನೇ ಆಫ್ ಆಗಿ ಆನ್ ಆಗುವುದು, ಅಡಾಪ್ಟರ್ ಕೈಯಿಟ್ಟರೆ ಸುಡುವುದು, ಸುಟ್ಟ ವಾಸನೆ, ಇವುಗಳಲ್ಲಿ ಯಾವುದಿದ್ದರೂ ಬದಲಿಸಿ. ಹಳೇದರ ಮೇಲೆ 12 ವೋಲ್ಟ್, 1 ಆಂಪ್ ಅಂತಿದ್ದರೆ ಹೊಸದರಲ್ಲೂ ವೋಲ್ಟ್ ಅಷ್ಟೇ ಇರಬೇಕು, ಆಂಪ್ ಅಷ್ಟೇ ಅಥವಾ ಜಾಸ್ತಿ ಇರಲಿ, ಕಡಿಮೆ ಬೇಡ. ಅಂಗಡಿಗೆ ಹೋಗುವಾಗ ಹಳೇ ಅಡಾಪ್ಟರ್ ತೆಗೆದುಕೊಂಡೇ ಹೋಗಿ, ಪಿನ್ ದಪ್ಪ ಬೇರೆ ಬೇರೆ ಇರುತ್ತೆ, ಪ್ಲಸ್ ಒಳಗೋ ಹೊರಗೋ ಅನ್ನುವುದನ್ನೂ ಚೀಟಿಯ ಮೇಲಿನ ಚಿತ್ರ ನೋಡಿ ಹೊಂದಿಸಬೇಕು.