‘ಅದಿರಲಿ’ ಅಂದುಬಿಟ್ಟಿರಲ್ಲ!

ಹುಬ್ಬಳ್ಳಿಯಿಂದ ಒಂದು ಪತ್ರ ಬಂದಿದೆ. ಬರೆದವರಿಗೆ 56 ವರ್ಷ. ಫೆಬ್ರವರಿಯಲ್ಲಿ ಮಗಳ ಮದುವೆ. ಕರಿ ಚಂದ್ರಕಾಳಿ ಸೀರೆಗೆ ಕೈಯಾರೆ ಕಸೂತಿ ಹಾಕಿ ಕೊಡಬೇಕು ಅಂತ ಯುಗಾದಿಗೆ ಶುರು ಮಾಡಿದ್ದಾರೆ. ಸೆರಗಿಗೆ ಒಂಬತ್ತು ಗೋಪುರ, ಅದರ ಕೆಳಗೆ ಆನೆಗಳ ಸಾಲು. ಆರು ಗೋಪುರ ಆಗಿವೆ. ಮೊದಲ ಆನೆ ಅರ್ಧಕ್ಕೆ ನಿಂತಿದೆ. ದಸರೆಯಿಂದ ಈಚೆಗೆ ಸೀರೆ ಮುಟ್ಟಿಲ್ಲ. ಕಣ್ಣು ಉರಿ, ಬೆನ್ನು ನೋವು, ಮೇಲೆ ಮದುವೆ ಓಡಾಟ. ‘ಕಂಪ್ಯೂಟರ್ ಎಂಬ್ರಾಯ್ಡರಿಗೆ ಕೊಟ್ಟುಬಿಡು, ಎರಡು ದಿನದಾಗ ಮಾಡಿಕೊಡ್ತಾರ, ಯಾರಿಗೂ ಗೊತ್ತಾಗಂಗಿಲ್ಲ’ ಅಂತ ನೆಗೆಣ್ಣಿ ಹೇಳಿದ್ದಾರಂತೆ. ಕೊಟ್ಟುಬಿಡಲೇ ಅಂತ ನನ್ನ ಕೇಳುತ್ತಿದ್ದಾರೆ.

ಪತ್ರ ಓದಿ ಮುಗಿಸಿದವಳೇ ಎದ್ದು ನನ್ನ ಹಳೇ ಟ್ರಂಕ್ ತೆಗೆದೆ. ಅದರಲ್ಲಿ ಒಂದು ದಿಂಬಿನ ಚೀಲ ಇದೆ. ಅದರ ಮೇಲೆ ಮೂರು ಕಾಲಿನ ಒಂದು ಆನೆ. ಕಾಲೇಜಿಗೆ ಹೋಗುವಾಗ ಹಾಕಿದ್ದು. ನಾಲ್ಕನೇ ಕಾಲಿಗೆ ಪುರುಸೊತ್ತು ಸಿಗಲಿಲ್ಲ ಅಂತ ಎಲ್ಲರ ಹತ್ತಿರ ಹೇಳುತ್ತಾ ಬಂದಿದ್ದೇನೆ. ಸುಳ್ಳು. ಮೂರನೇ ಕಾಲು ಎರಡು ಎಳೆ ಆಚೆ ಹೋಗಿತ್ತು.

ಅದಕ್ಕೇ ನಿಮ್ಮ ಪತ್ರದ ಎರಡನೇ ಪುಟದಲ್ಲಿ ನನ್ನ ಕಣ್ಣು ನಿಂತುಬಿಟ್ಟಿತು. ‘ಐದನೇ ಗೋಪುರದಲ್ಲಿ ಎಲ್ಲೋ ಒಂದು ಎಳೆ ಜಾಸ್ತಿ ಆದಂಗಿದೆ, ಅದಿರಲಿ’ ಅಂತ ಬರೆದಿದ್ದೀರಿ. ಬರೆದು ಮತ್ತೆ ಬೆನ್ನು ನೋವಿಗೆ ಹೋಗಿದ್ದೀರಿ.

ಅದು ಹ್ಯಾಗೆ ಇದ್ದೀತು ತಾಯಿ? ಕಸೂತಿಗೆ ಪೆನ್ಸಿಲ್ ಗೆರೆ ಇಲ್ಲ, ಅಚ್ಚು ಇಲ್ಲ. ಇರುವುದು ಬಟ್ಟೆಯ ಎಳೆ ಎಣಿಕೆ ಒಂದೇ. ಐದರಲ್ಲಿ ಒಂದು ಎಳೆ ಸರಿದರೆ ಆರನೆಯದೂ ಸರಿದೇ ಕೂತಿರುತ್ತದೆ. ಒಂಬತ್ತನೆಯದು ಮೂಲೆಗೆ ಸರಿಯಾಗಿ ಕೂಡುವುದಿಲ್ಲ. ಇದು ನಿಮಗೆ ನನಗಿಂತ ಚೆನ್ನಾಗಿ ಗೊತ್ತು. ಗೊತ್ತಿದ್ದೇ ಏಳನೆಯದು ಬಿಟ್ಟು ಕೆಳಗಿನ ಆನೆಗೆ ಕೈ ಹಾಕಿದಿರಿ, ಅಲ್ವಾ? ಕಣ್ಣು ಉರಿಯುತ್ತಿರುವುದು ನಿಜ ಇರಬಹುದು. ಆದರೆ ಯುಗಾದಿಯಿಂದ ದಸರೆವರೆಗೆ ಇದೇ ಕಣ್ಣು ಆರು ಗೋಪುರ ಹಾಕಿದೆ.

ಆನೆ ವಿಷಯ ಒಂದು ಹೇಳಿಬಿಡುತ್ತೇನೆ. ‘ಆನೆ ಆನೆ ಥರ ಕಾಣ್ತಿಲ್ಲ, ಇರುವೆ ಸಾಲಿನ ಥರ ಕಾಣ್ತದೆ’ ಅಂತ ಅತ್ತುಕೊಂಡಿದ್ದೀರಿ. ಗವಂತಿ ಹೊಲಿಗೆ ಅಲ್ಲವೇ ಅದು? ಸೂಜಿ ಹೋಗುವಾಗ ಒಂದು ಬಿಟ್ಟು ಒಂದು ಹಾಕುತ್ತಾ ಹೋಗುತ್ತದೆ. ಅದೇ ದಾರಿಯಲ್ಲಿ ವಾಪಸ್ ಬರುವಾಗ ಬಿಟ್ಟ ಜಾಗ ತುಂಬುತ್ತದೆ. ನೀವು ಹೋಗಿದ್ದೀರಿ, ಇನ್ನೂ ಬಂದಿಲ್ಲ. ಇರುವೆ ಥರ ಕಾಣದೆ ಇನ್ನು ಹ್ಯಾಗೆ ಕಾಣಬೇಕು?

ಇನ್ನು ನೆಗೆಣ್ಣಿ. ನನಗೆ ಸಿಟ್ಟು ಬಂದಿರುವುದು ಅವರ ಮೇಲೆ. ಯಾರಿಗೂ ಗೊತ್ತಾಗುವುದಿಲ್ಲವಂತೆ! ಧಾರವಾಡ ಸೀಮೆಯ ಯಾವ ಅಜ್ಜಿಯ ಕೈಗೆ ಕೊಟ್ಟರೂ ಮೊದಲು ಸೆರಗು ಮಗುಚಿ ನೋಡುತ್ತಾಳೆ. ಗವಂತಿ ಇರಲಿ, ಮೆಟ್ಟಿಲು ಮೆಟ್ಟಿಲಾಗಿ ಹೋಗುವ ಮುರ್ಗಿ ಹೊಲಿಗೆ ಇರಲಿ, ಎರಡೂ ಹಿಂದೆ ಮುಂದೆ ಒಂದೇ ಥರ ಇರಬೇಕು, ಒಂದು ಗಂಟೂ ಕಾಣಬಾರದು. ಮಶೀನಿನ ಹೊಲಿಗೆ ಮಗುಚಿದರೆ ಬಾಬಿನ್ ದಾರ ಬೇರೆ, ಒತ್ತಿಗೆ ಹಾಕಿದ ಪೇಪರಿನ ಚೂರು ಬೇರೆ. ನೆಗೆಣ್ಣಿಗೆ ಇದು ಗೊತ್ತಿಲ್ಲದ್ದೇನಲ್ಲ. ಆದರೆ ತಪ್ಪು ನಿಮ್ಮದೂ ಇದೆ. ಅರ್ಧ ಆದ ಕೆಲಸ ಯಾರಿಗೂ ತೋರಿಸಬೇಡಿ ಅಂತ ಈ ಅಂಕಣದಲ್ಲಿ ಎಷ್ಟು ಸಲ ಬರೆದಿಲ್ಲ ನಾನು! ಮನೆ ಕಟ್ಟುವವರಿಗೂ ಬರೆದೆ, ಥೀಸಿಸ್ ಬರೆಯುವವರಿಗೂ ಬರೆದೆ. ಯಾರೂ ಕೇಳುವುದಿಲ್ಲ.

ಟ್ಯೂಬ್‌ಲೈಟಿನ ಕೆಳಗೆ, ಎಲ್ಲರೂ ಮಲಗಿದ ಮೇಲೆ ಕೂತು ಹಾಕುತ್ತೇನೆ ಅಂದಿದ್ದೀರಿ. ಕರಿ ಸೀರೆಗೆ? ರಾತ್ರಿ? ದಿನದ ಅಡುಗೆ, ಪಾತ್ರೆ, ಎಲ್ಲರ ಕೆಲಸ ಮುಗಿದ ಮೇಲೆ ಉಳಿದ ಚೂರುಪಾರು ಹೊತ್ತು ಇದಕ್ಕೆ. ಬೆಳಗಿನ ಒಂದು ಗಂಟೆ ನಿಮ್ಮದು ಅಂತ ಮನೆಯವರಿಗೆ ಹೇಳಿ. ನಾಷ್ಟಾ ಅವರೇ ಮಾಡಿಕೊಳ್ಳಲಿ, ಉಪ್ಪಿಟ್ಟು ಗಂಡಸರಿಗೂ ಬರುತ್ತದೆ.

ಮೂರು ಗೋಪುರ, ಆನೆ ಸಾಲು, ಆಮೇಲೆ ಮೈಮೇಲಿನ ಬುಟ್ಟಾ ಅಂತ ಲೆಕ್ಕ ಹಾಕುತ್ತಾ ಕೂರಬೇಡಿ. ಬುಟ್ಟಾ ಹೊತ್ತಿದ್ದರೆ ಹಾಕಿ, ಇಲ್ಲದಿದ್ದರೆ ಬಿಡಿ. ಸೆರಗು ತುಂಬಿದ್ದರೆ ಚಂದ್ರಕಾಳಿಗೆ ಅಷ್ಟೇ ಸಾಕು. ನಾನು ಹೇಳುವುದು ಒಂದೇ ಕೆಲಸ. ನಾಳೆ ಬಿಸಿಲು ಬಂದ ಮೇಲೆ ಕಿಟಕಿ ಪಕ್ಕ ಕೂತು ಐದನೇ ಗೋಪುರ ಬಿಚ್ಚಿ, ಆರನೆಯದನ್ನೂ ಬಿಚ್ಚಿ. ತೊಡೆ ಮೇಲೆ ಒಂದು ಬಿಳಿ ಪಂಚೆ ಹಾಸಿಕೊಳ್ಳಿ, ಆಗ ಕರಿ ಬಟ್ಟೆಯ ಎಳೆ ನಡುವಿನ ಸಂದು ಬೆಳ್ಳಗೆ ಕಾಣುತ್ತದೆ. ನನ್ನ ಸೋದರತ್ತೆ ಹಾಗೇ ಮಾಡುತ್ತಿದ್ದರು. ಬ್ಲೇಡ್ ಮುಟ್ಟಬೇಡಿ. ಸೂಜಿಯ ಕಣ್ಣಿನ ತುದಿಯಿಂದ ಒಂದೊಂದೇ ಹೊಲಿಗೆ ಹಿಂದಕ್ಕೆ ಎಬ್ಬಿಸಿ. ಗಂಟು ಹಾಕದ ಕೆಲಸಕ್ಕೆ ಇದೊಂದು ಲಾಭ, ದಾರ ಸಲೀಸಾಗಿ ಬರುತ್ತದೆ. ಆ ದಾರ ಮತ್ತೆ ಬಳಸಬೇಡಿ, ಅದರ ನಾರು ಎದ್ದಿರುತ್ತದೆ.

ನಾಳೆ ಹೊಸ ಹೊಲಿಗೆ ಒಂದೂ ಹಾಕಬೇಡಿ. ಬಿಚ್ಚಿ ಎದ್ದುಬಿಡಿ. ನಡುವೆ ನೆಗೆಣ್ಣಿ ಫೋನ್ ಬಂದರೆ ಎತ್ತಬೇಡಿ, ಎಳೆ ಎಣಿಸುತ್ತಿದ್ದೆ ಅಂತ ಸಂಜೆ ಹೇಳಿದರಾಯಿತು.